ಹಸಿವಾದ ಮಧ್ಯಾಹ್ನ

ಮಾಗುಂಡಪ್ಪ ಗುಳಿಗೆ ನುಂಗಿದರೆ ವಾಂತಿಯಾಗುವುದು ಅವನ ಹೆಂಡತಿ ಕಾಶವ್ವನಿಗೆ. ಆಸ್ಪತ್ರೆಯವರು ಇಬ್ಬರ ಮುಂಗೈಗೂ ಒಂದೊಂದು ತಗಡಿನ ಬಳೆ ತೊಡಿಸಿದ್ದರು. ಔಷಧದ ಗುಣ ಅವನಿಗೆ, ಸಂಕಟ ಇವಳಿಗೆ. ಗುಳೇದಗುಡ್ಡದಲ್ಲಿ ಇದು ಹೊಸದೇನಲ್ಲ. ಬಸ್ಸಿನಲ್ಲಿ ಬಳೆ ಕಂಡವರು ತಾವಾಗಿಯೇ ಕಿಟಕಿಯ ಸೀಟು ಬಿಟ್ಟುಕೊಡುತ್ತಿದ್ದರು.

ಮೊದಲ ಸಲ ಟಿಬಿ ಬಂದಾಗ ಈ ಬಳೆ ಇರಲಿಲ್ಲ. ಹೊಟ್ಟೆ ತೊಳಸುವುದನ್ನು ತಾಳಲಾರದೆ ಅವನು ಗುಳಿಗೆಗಳನ್ನು ನಡುವೆಯೇ ಬಿಟ್ಟಿದ್ದ. ಮತ್ತೆ ಬಂದ ರೋಗ ಆ ಗುಳಿಗೆಗಳಿಗೆ ಬಗ್ಗಲಿಲ್ಲ. ಈ ಹೊಸವೂ ಸೋತರೆ ಕೊಡಲು ಬೇರೇನೂ ಇಲ್ಲ ಎಂದು ಡಾಕ್ಟರು ಹೇಳಿದ್ದರು.

ಇವತ್ತು ಮಧ್ಯಾಹ್ನ ಕಾಶವ್ವನಿಗೆ ಹಸಿವಾಯಿತು. ನಾಲಿಗೆಗೆ ಅಂಟಿದ್ದ ಕಬ್ಬಿಣದ ರುಚಿ ಮಾಯವಾಗಿತ್ತು. ಅದರ ಅರ್ಥ ಅವಳಿಗೆ ಕೂಡಲೇ ತಿಳಿಯಿತು. ಆದರೂ ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಹಚ್ಚಿಕೊಂಡು ಉಂಡಳು. ಅವನು ಮಗ್ಗ ನಿಲ್ಲಿಸಿ ಅವಳು ಉಣ್ಣುವುದನ್ನೇ ನೋಡುತ್ತಿದ್ದ.

ಕೈ ತೊಳೆದ ಮೇಲೆ ಕೇಳಿದಳು: "ಇವತ್ತ ಗುಳಿಗಿ ತಗೊಂಡಿಲ್ಲ, ಹೌದಿಲ್ರಿ?"

"ಒಂದಿನಾರ ನೀ ಹೊಟ್ಟಿತುಂಬ ಉಣ್ಲಿ ಅಂತ ಬಿಟ್ಟೆ," ಎಂದ ಅವನು ತಲೆ ತಗ್ಗಿಸಿ.

ಅವಳು ಗುಳಿಗೆ ತಂದು ಅವನ ಅಂಗೈಗೆ ಹಾಕಿದಳು. ಅವನು ನುಂಗಿದ. ಅವಳು ಬೋಗುಣಿ ಎಳೆದುಕೊಂಡು ಕಾಯುತ್ತ ಕೂತಳು.

"ಹ್ವಾದ ಸೋಮವಾರನೂ ಬಿಟ್ಟಿದ್ನಿ," ಎಂದ ಅವನು. "ಪುಣ್ಯಾಕ ಅವತ್ತ ನಿನಗ ಗೊತ್ತಾಗ್ಲಿಲ್ಲ."

"ಇಲ್ರಿ, ಗೊತ್ತಾಗ್ಲಿಲ್ಲ," ಎಂದಳು ಕಾಶವ್ವ.

ಸೋಮವಾರ ಅವಳು ಮೂರು ರೊಟ್ಟಿ ಉಂಡು, ತಟ್ಟೆ ತೊಳೆದಿಟ್ಟು, ಏನನ್ನೂ ಕೇಳದೆ ಮಲಗಿದ್ದಳು.