ಎಗ್ಸಿಬಿಷನ್‌ಗೆ ಹೋದವಳು

ನಿಶ್ಚಿತಾರ್ಥವಾದ ಹುಡುಗಿ ಚಡ್ಡಿ ಹಾಕಿಕೊಂಡು ಊರ ಕಣ್ಣೆದುರು ಓಡುವುದು ಬೇಡವೆಂದು ಸಿದ್ದರಾಜುವಿನ ಅವ್ವ ಕಟ್ಟಪ್ಪಣೆ ಮಾಡಿ ತಿಂಗಳಾಗಿತ್ತು. ಅಂದಿನಿಂದ ಅವನ ಮಗಳು ಇಂಚರ ದಿನಾ ಸಂಜೆ ಎಗ್ಸಿಬಿಷನ್ ನೋಡಲು ಹೋಗುತ್ತಿದ್ದಳು. ಹಾಗೆಂದು ಅವ್ವನಿಗೆ ಹೇಳುವ ಕೆಲಸ ಸಿದ್ದರಾಜುವಿನದು.

“ಇಂಚರ ಎಲ್ಲಪ್ಪ?” ರೊಟ್ಟಿ ತಟ್ಟುತ್ತ ಅವ್ವ ಕೇಳಿದಳು.

“ಸ್ಟೇಡಿಯಂ...” ಎಂದವನು ನಾಲಿಗೆ ಕಚ್ಚಿಕೊಂಡ. “ಅಲ್ಲ, ಎಗ್ಸಿಬಿಷನ್ ಗ್ರೌಂಡು. ಎರಡೂ ಅಕ್ಕಪಕ್ಕ ಅಲ್ವಾ, ಬಾಯಿ ತಪ್ತು.”

“ದಿನಾ ಅದೇನ್ ನೋಡ್ತಾಳೆ ಅಲ್ಲಿ?”

“ಜೈಂಟ್ ವೀಲ್ ಅಂದ್ರೆ ಪ್ರಾಣ ಅವಳಿಗೆ.”

“ಮತ್ತೆ ಮೊಣಕಾಲ್‌ಗಂಟ ಕೆಮ್ಮಣ್ಣು ಮೆತ್ಕೊಂಡ್ ಬರ್ತಾಳಲ್ಲ?”

“ಜನ ಅವ್ವ. ಕಾಲಿಡಕ್ಕೆ ಜಾಗ ಇಲ್ಲ. ಬರೀ ಧೂಳು.”

ಅವ್ವ ರೊಟ್ಟಿ ಮಗುಚಿ ಹಾಕಿದಳು. ಬಚಾವಾದೆ ಎಂದುಕೊಂಡು ಸಿದ್ದರಾಜು ಬೈಕಿನ ಕೀ ತೆಗೆದುಕೊಂಡು ಹೊಸ್ತಿಲು ದಾಟಿದ.

“ಅವಳನ್ನ ಕರ್ಕೊಂಡ್ ಬರಕ್ಕೆ ಹೊಂಟ್ಯಾ?” ಒಳಗಿನಿಂದ ಅವ್ವನ ದನಿ ಬಂತು.

“ಹೂಂ ಅವ್ವ.”

“ಹಂಗೇ ಕೇಳ್ಕೊಂಡ್ ಬಾ. ನಾನೂರು ಮೀಟ್ರು ಇವತ್ತಾದ್ರೂ ಅರವತ್ತು ಸೆಕೆಂಡ್ ಒಳಗೆ ಮುಗಿಸಿದ್ಲಾ ಅಂತ.”