ಥಾಮ್ ಹತ್ತಿದ ಮಾಡು

ವಿದ್ಯುತ್ ಇಲಾಖೆಯ ಕ್ವಾಂಗ್ ಹೊಸ ಮೀಟರಿಗೆ ಮುದ್ರೆ ಒತ್ತಿ ಪಕ್ಕಕ್ಕೆ ಸರಿದಾಗ, ಥಾಮ್ ಸ್ವಿಚ್ಚಿನ ಮೇಲೆ ಬೆರಳಿಟ್ಟು ಒಮ್ಮೆ ಮಾಡಿನತ್ತ ನೋಡಿದಳು. ಮನೆಮಾಡಿನ ಸೌರ ವಿದ್ಯುತ್ತಿಗೆ ಸರ್ಕಾರ ಕೊಡುವ ಒಳ್ಳೆಯ ದರಕ್ಕೆ ಇವತ್ತೇ ಕಡೆಯ ದಿನ. ಫಾನ್ ರಾಂಗ್ ಊರಿನ ಗುತ್ತಿಗೆದಾರರೆಲ್ಲ ದೊಡ್ಡ ಗಿರಾಕಿಗಳ ಹಿಂದೆ ಬಿದ್ದಿದ್ದರು. ಹಾಗಾಗಿ, ಊರಾಚೆಯ ಸೌರ ಸ್ಥಾವರದಲ್ಲಿ ಕಲಿತ ಕೆಲಸವನ್ನು ನೆಚ್ಚಿ, ಫಲಕಗಳನ್ನೆಲ್ಲ ಅವಳೇ ಕೂರಿಸಿದ್ದಳು.

"ಬೆಕ್ಕಿನ ಥರ ಮಾಡು ಹತ್ತೋ ಸೊಸೇನ ಎಲ್ಲಾದ್ರೂ ಕಂಡಿದೀರಾ?" ಎಂದು ಅತ್ತೆ ಚಿನ್ ಒಣಮೀನು ಮಾರುತ್ತಲೇ ಮೂಗು ಮುರಿದು ಬೀದಿಗೆಲ್ಲ ಸಾರಿದ್ದಳು. ಈಗ ಆ ಬೀದಿಯೇ ಅಂಗಳದಲ್ಲಿ ನೆರೆದಿತ್ತು.

"ಒತ್ತಮ್ಮ, ಯಾಕೆ ನಿಂತೆ?" ಎಂದ ಕ್ವಾಂಗ್.

ಥಾಮ್ ಒತ್ತಿದಳು. ಮೀಟರಿನ ಅಂಕಿ ಮಿನುಗಿ ಏರತೊಡಗಿತು. ಕ್ವಾಂಗ್ ಬಗ್ಗಿ ನೋಡಿ ನಕ್ಕ. "ಚಿನ್ ಅಕ್ಕಾ, ನಿಮ್ಮನೆ ಕರೆಂಟು ಊರಿನ ತಂತಿಗೆ ಹೋಗ್ತಿದೆ!"

ಮಂಜುಗಡ್ಡೆ ಮಾರುವ ಲೋಕ್ ಮುಂದೆ ಬಂದ. "ಸರ್ಕಾರದ ದರ ಮುಗಿದ್ರೆ ಮುಗೀಲಿ. ನನ್ನ ಐಸ್ ಮಷೀನು ಬಿಸಿಲಲ್ಲೇ ಓಡಿದ್ರೆ ಸಾಕು. ಹಾಕಿಕೊಡೋರು ಯಾರಾದ್ರೂ ಸಿಗ್ತಾರಾ, ಅಕ್ಕಾ?"

ಚಿನ್ ತನ್ನ ತಾಳೆಗರಿ ಟೋಪಿ ತೆಗೆದು ಸೊಸೆಯ ತಲೆಗಿಟ್ಟಳು.

"ಬೇರೆಯವ್ರು ಯಾಕೋ? ನನ್ನ ಸೊಸೆ ಇಲ್ವಾ! ಬೆಳಿಗ್ಗೇನೇ ಬರ್ತೀವಿ. ಆದ್ರೆ ಏಣಿ ಮಾತ್ರ ನಾನೇ ಹಿಡಿಯೋದು."