ಹುಸೇನಬಾಷಾನ ಶ್ರುತಿ

ಮೊದಲ ಹಾಡು ಮೇಲಿನ ಸ್ವರಕ್ಕೆ ಏರುತ್ತಿದ್ದಂತೆ ಪಾರ್ವತೆಮ್ಮನ ದನಿ ಒಡೆಯಿತು. ಮತ್ತೊಮ್ಮೆ ಎತ್ತಿಕೊಂಡಳು, ಅಲ್ಲೇ ಮತ್ತೆ ಒಡೆಯಿತು. ಕುಷ್ಟಗಿಯ ಸಭಾಭವನದಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಡೀ ನಾಟಕವನ್ನು ಅವಳೊಬ್ಬಳೇ ಹಾಡಿ ಆಡಬೇಕಿತ್ತು. ಕೈಹಿಡಿದು ದಾಟಿಸಲು ರಂಗದ ಮೇಲೆ ಇನ್ನೊಂದು ಪಾತ್ರವಿರಲಿಲ್ಲ.

ಅವಳು ಹಾರ್ಮೋನಿಯಂ ಕಡೆ ನಡೆದಳು. ಮೂವತ್ತು ವರ್ಷ ಅಲ್ಲಿ ಕೂತು ನುಡಿಸಿದ್ದ ಹುಸೇನಬಾಷಾ ಹೋದ ತಿಂಗಳು ತೀರಿಕೊಂಡಿದ್ದ. ಇಂದು ಅವನ ಮಗಳು ಜರೀನಾ ಕೂತಿದ್ದಳು.

"ಶ್ರುತಿ ತಪ್ಪೇತೇನವ್ವಾ?" ಪಾರ್ವತೆಮ್ಮ ಬಗ್ಗಿ ಕೇಳಿದಳು.

"ಇಲ್ರಿ ಅಮ್ಮಾ, ನೀವು ಹೇಳಿದ್ದ ಶ್ರುತಿನ ಐತಿ." ಜರೀನಾ ತಲೆ ತಗ್ಗಿಸಿದಳು. "ಅಬ್ಬಾ ಮೂರು ವರ್ಷದಿಂದ ಶ್ರುತಿನ ಎರಡು ಮನಿ ಕೆಳಗ ಇಳಿಸಿ ಬಾರಸ್ತಿದ್ರು. ನಿಮಗ ಹೇಳಬ್ಯಾಡ ಅಂದಿದ್ರು. ನನಗ ಇಳಿಸಾಕ ಧೈರ್ಯ ಬರಲಿಲ್ರಿ."

ಅರವತ್ತು ದಾಟಿದರೂ ತನ್ನ ದನಿ ಇಳಿದಿಲ್ಲವೆಂದು ಪಾರ್ವತೆಮ್ಮ ಕೊಪ್ಪಳ, ಯಲಬುರ್ಗಾ, ಹೋದಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಆಗೆಲ್ಲ ಹುಸೇನಬಾಷಾ ಪಕ್ಕದಲ್ಲಿ ನಿಂತು ಹೌದೆಂದು ತಲೆಯಾಡಿಸುತ್ತಿದ್ದ. ಅವನು ತೀರಿಕೊಂಡ ದಿನ ಬಾರದ ಅಳು ಈಗ ಬಂತು. ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಮ್ಮ ಅಬ್ಬಾ ಬಾರಸ್ತಿದ್ದಂಗ ಬಾರಸವ್ವಾ," ಎಂದಳು.